ತಾಲೀಮು, ಕಾಲೇಜು ಮತ್ತು ನಮ್ಮ ಪೈಲ್ವಾನರು

ಖಾನಾಪುರ ತಾಲೂಕಿನ ನಮ್ಮ ಊರುಗಳಲ್ಲಿ ಜಾತ್ರೆ ಎಂದರೆ ಹಲಗಿ ಸದ್ದು, ಕೆಮ್ಮಣ್ಣಿನ ಅಖಾಡ. ಬೆಳಗಾವಿಯ ಆನಂದವಾಡಿ ಅಖಾಡದಲ್ಲಿ ದೊಡ್ಡ ಕುಸ್ತಿ ಇದ್ದರೆ ಶಾಲೆ ಬಿಟ್ಟ ಮೇಲೆ ಟೆಂಪೋ ಹತ್ತಿ ಹೋಗುತ್ತಿದ್ದೆವು. ಶಾಲೆಯ ಈ ಸುವರ್ಣ ಮಹೋತ್ಸವದಲ್ಲಿ ಆ ಕುಸ್ತಿಗೂ ಓದಿಗೂ ಇರುವ ನಂಟಿನ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇನೆ.

ತಾಲೀಮಿನ ಲೆಕ್ಕ ಸರಳವಾಗಿತ್ತು. ಪಟ್ಟು ಕಲಿಸಲು ವಸ್ತಾದರು ಸಂಬಳ ಕೇಳುತ್ತಿರಲಿಲ್ಲ. ಹಾಲು, ತುಪ್ಪ, ಬಾದಾಮಿಯ ಖುರಾಕು ಮನೆಯ ಖರ್ಚು. ಗೆದ್ದವನಿಗೆ ಊರವರು ಪಟ್ಟಿ ಹಾಕಿ ಇನಾಮು ಕೊಡುತ್ತಿದ್ದರು. ಪೈಲ್ವಾನನ ಓದು ಮಾತ್ರ ಯಾರ ಲೆಕ್ಕಕ್ಕೂ ಬರುತ್ತಿರಲಿಲ್ಲ.

ಅದನ್ನು ಲೆಕ್ಕಕ್ಕೆ ತಂದವರು ನಮ್ಮ ನೆರೆಯಲ್ಲೇ ಇದ್ದರು. 1940ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜು, ಕೊಲ್ಹಾಪುರದ ರಾಜಾರಾಮ ಕಾಲೇಜು ಎರಡೂ ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ರಾಜಾರಾಮ ಕಾಲೇಜಿನಲ್ಲಿ ಓದಿದ ಕೆ.ಡಿ. ಜಾಧವ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೊರಟಾಗ ಹಣ ಸಾಲಲಿಲ್ಲ. ಆ ಕಾಲೇಜಿನ ಪ್ರಾಂಶುಪಾಲರಾಗಿದ್ದ ಖರ್ಡೇಕರ್ ತಮ್ಮ ಮನೆ ಅಡವಿಟ್ಟು 7,000 ರೂಪಾಯಿ ಕೊಟ್ಟರು. ಜಾಧವ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ವಿಭಾಗದಲ್ಲಿ ಬಂದ ಮೊದಲ ಒಲಿಂಪಿಕ್ ಪದಕ ಅದು.

ಮುಂದೆ ಬೆಳಗಾವಿಯ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂತು. ತಂಡ ಕಟ್ಟುವ ಕ್ರಮ ಬದಲಾಗಲಿಲ್ಲ. ಅಂತರ ಕಾಲೇಜು ಕುಸ್ತಿಯಲ್ಲಿ ಆಯಾ ತೂಕದಲ್ಲಿ ಗೆದ್ದವರು ವಿಶ್ವವಿದ್ಯಾಲಯ ತಂಡಕ್ಕೆ ಆಯ್ಕೆಯಾಗಿ, ಅಂತರ ವಿಶ್ವವಿದ್ಯಾಲಯ ಕುಸ್ತಿಗೆ ಹೋಗುತ್ತಾರೆ. ಇಂದಿನ ಫ್ರೀಸ್ಟೈಲ್‌ನಲ್ಲಿ ಪುರುಷರಿಗೆ 57ರಿಂದ 125 ಕಿಲೋವರೆಗೆ 10 ತೂಕಗಳಿವೆ. ಅಲ್ಲಿ ಮಣ್ಣಿಲ್ಲ, ಮ್ಯಾಟ್. 3 ನಿಮಿಷದ 2 ಸುತ್ತು. ಜಾತ್ರೆಯಲ್ಲಿ ಅರ್ಧ ಗಂಟೆ ಸೆಣಸಿ ಚಿತ್ ಮಾಡುವ ನಮ್ಮ ಹುಡುಗ, ಅಂಕದ ಆಟವನ್ನು ಹೊಸದಾಗಿ ಕಲಿಯಬೇಕು. ಜೊತೆಗೆ ಪರೀಕ್ಷೆಯೂ ಪಾಸಾಗಬೇಕು.

ನನ್ನ ಜೊತೆ ಇದೇ ಶಾಲೆಯಲ್ಲಿ ಹತ್ತನೆಯ ತರಗತಿ ಓದಿದ ಗೆಳೆಯನೊಬ್ಬ ಕಾಲೇಜು ಸೇರಿ ಅಂತರ ವಿಶ್ವವಿದ್ಯಾಲಯ ಕುಸ್ತಿಯವರೆಗೆ ಹೋದ. ತಿರುಗಿ ಬಂದಾಗ ಪರೀಕ್ಷೆಗೆ ಹದಿನೈದೇ ದಿನ. "ಇಂಗ್ಲಿಷ್ ಪೇಪರ್ ಸ್ವಲ್ಪ ಹೇಳಿಕೊಡಲೇ ದೋಸ್ತ" ಎಂದು ಫೋನ್ ಮಾಡಿದ್ದ. ನಾನಾಗ ಬಿ.ಇ. ಓದುತ್ತಿದ್ದೆ. ನನ್ನ ಪರೀಕ್ಷೆ ಮುಗಿಯಲಿ ಎಂದೆ. ಅವನು ಫೇಲಾದ; ಪದವಿ ಅಲ್ಲಿಗೇ ನಿಂತಿತು. ಕ್ರೀಡಾ ಕೋಟಾದಲ್ಲಿ ಪದವಿ ಕೇಳುವ ನೌಕರಿಗಳಿಗೆ ಅರ್ಜಿ ಹಾಕಲೂ ಆಗಲಿಲ್ಲ. ಈಗ ಟೆಂಪೋ ಓಡಿಸುತ್ತಾನೆ. ನನ್ನನ್ನು ಒಮ್ಮೆಯೂ ದೂರಿಲ್ಲ.

ಖರ್ಡೇಕರ್ ಅವರಂತೆ ನಾವು ಮನೆ ಅಡವಿಡಬೇಕಾಗಿಲ್ಲ. ಊರವರು ಖುರಾಕಿಗೆ ಕೈಜೋಡಿಸಲಿ. ಹಳೆಯ ವಿದ್ಯಾರ್ಥಿಗಳು ಪಾಠಕ್ಕೆ ಸಮಯ ಕೊಡಲಿ. ಈ ಶಾಲೆಯಿಂದ ಕುಸ್ತಿಗೆ ಹೋಗುವ ಹುಡುಗ ಹುಡುಗಿಯರಿಗೆ ಪ್ರತಿ ಭಾನುವಾರ ಫೋನಿನಲ್ಲೇ ಇಂಗ್ಲಿಷ್, ಗಣಿತ ಹೇಳಿಕೊಡಲು ನಾನು ನನ್ನ ಹೆಸರು ಬರೆಸಿದ್ದೇನೆ. ಬೆಳಗಿನ ತಾಲೀಮು ನೋಡಿಕೊಳ್ಳಲು ನನ್ನ ಗೆಳೆಯ ಒಪ್ಪಿದ್ದಾನೆ.