ಮೂವತ್ತೆರಡು ವರ್ಷಗಳ ನಂತರ ನ್ಯೂಯಾರ್ಕ್ ಡಾಲ್ಸ್

ಗಂಡಸರು ಮುಖಕ್ಕೆ ಬಣ್ಣ ಬಳಿದು, ಹೆಣ್ಣುವೇಷ ತೊಟ್ಟು ರಂಗಕ್ಕೆ ಬರುವುದು ಚಿತ್ರದುರ್ಗ ಸೀಮೆಗೆ ಹೊಸತಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಭಾಗದ ಹಳ್ಳಿಗಳಲ್ಲಿ ಮೂಡಲಪಾಯ ಬಯಲಾಟವನ್ನು ಬೆಳಗಿನ ಜಾವದವರೆಗೆ ಕುಳಿತು ನೋಡಿದವರಿಗೆ ಭುಜಕೀರ್ತಿಯ ಹೊಳಪು, ಸೀರೆಯುಟ್ಟ ಪುರುಷ ಪಾತ್ರಧಾರಿ, ಮುಖವೀಣೆಯ ಏರುದನಿ ಎಲ್ಲವೂ ಪರಿಚಿತ. ಆದರೆ 1970ರ ದಶಕದ ಆರಂಭದಲ್ಲಿ ಇಂಥದೇ ಬಣ್ಣ ಬೆಡಗು ಪಾಶ್ಚಾತ್ಯ ರಾಕ್ ಸಂಗೀತದ ವೇದಿಕೆಯನ್ನು ಏರಿದಾಗ ಅಲ್ಲಿನ ಸಮಾಜ ಹುಬ್ಬೇರಿಸಿತು. ಆ ಪ್ರಕಾರಕ್ಕೆ ದೊರೆತ ಹೆಸರು ಗ್ಲ್ಯಾಮ್ ರಾಕ್.

ಇದರ ತವರು ಇಂಗ್ಲೆಂಡ್. 1971ರಲ್ಲಿ ಟಿ. ರೆಕ್ಸ್ ತಂಡದ ಮಾರ್ಕ್ ಬೋಲನ್ ಕಣ್ಣಿನ ಕೆಳಗೆ ಮಿಂಚುಪುಡಿ ಹಚ್ಚಿಕೊಂಡು ಬಿಬಿಸಿ ದೂರದರ್ಶನದಲ್ಲಿ ಹಾಡಿದ್ದೇ ಇದರ ಆರಂಭವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಮರುವರ್ಷ ಡೇವಿಡ್ ಬೋವಿ 'ಜಿಗ್ಗಿ ಸ್ಟಾರ್‌ಡಸ್ಟ್' ಎಂಬ ಕಲ್ಪಿತ ಪಾತ್ರವಾಗಿ ವೇದಿಕೆಗೆ ಬಂದರು. ಸ್ಲೇಡ್, ಸ್ವೀಟ್, ರಾಕ್ಸಿ ಮ್ಯೂಸಿಕ್ ತಂಡಗಳು ಇದೇ ಹಾದಿ ಹಿಡಿದವು. ಅಮೆರಿಕದಲ್ಲಿ ಈ ಧಾಟಿಗೆ ಹೆಸರಾದದ್ದು 1971ರಲ್ಲಿ ಹುಟ್ಟಿದ ನ್ಯೂಯಾರ್ಕ್ ಡಾಲ್ಸ್. ಗಾಯಕ ಡೇವಿಡ್ ಜೊಹಾನ್ಸನ್, ಗಿಟಾರ್ ವಾದಕರಾದ ಜಾನಿ ಥಂಡರ್ಸ್ ಮತ್ತು ಕೈರೋದಲ್ಲಿ ಹುಟ್ಟಿದ ಸಿಲ್ವೇನ್ ಸಿಲ್ವೇನ್, ಬೇಸ್ ಗಿಟಾರ್‌ನ ಆರ್ಥರ್ ಕೇನ್, ಡ್ರಮ್ಸ್‌ನ ಬಿಲ್ಲಿ ಮರ್ಸಿಯಾ ಇದರ ಸದಸ್ಯರು.

ತಂಡಕ್ಕೆ ದುರದೃಷ್ಟ ಬೆನ್ನುಹತ್ತಿದ್ದು ಬಹು ಬೇಗ. ಒಂದೂ ಆಲ್ಬಂ ಹೊರಬರುವ ಮುನ್ನವೇ, 1972ರ ನವೆಂಬರ್‌ನಲ್ಲಿ, ಮೊದಲ ಇಂಗ್ಲೆಂಡ್ ಪ್ರವಾಸದಲ್ಲಿದ್ದಾಗ ಮರ್ಸಿಯಾ ಲಂಡನ್ನಿನಲ್ಲಿ ಮೃತಪಟ್ಟರು. ಅವರ ಸ್ಥಾನಕ್ಕೆ ಜೆರ್ರಿ ನೋಲನ್ ಬಂದರು. 1973ರಲ್ಲಿ ಟಾಡ್ ರಂಡ್‌ಗ್ರೆನ್ ನಿರ್ಮಾಣದಲ್ಲಿ ತಂಡದ್ದೇ ಹೆಸರಿನ ಪ್ರಥಮ ಆಲ್ಬಂ ಬಿಡುಗಡೆಯಾಯಿತು. ಅದರ ಹೊದಿಕೆಯ ಮೇಲೆ ಐವರೂ ಲಿಪ್‌ಸ್ಟಿಕ್, ಎತ್ತರದ ಹಿಮ್ಮಡಿಯ ಪಾದರಕ್ಷೆಗಳೊಂದಿಗೆ ಸೋಫಾದ ಮೇಲೆ ಕುಳಿತಿದ್ದಾರೆ. ಆ ವರ್ಷ 'ಕ್ರೀಮ್' ಸಂಗೀತ ಪತ್ರಿಕೆಯ ಓದುಗರು ಇದೇ ತಂಡವನ್ನು ಅತ್ಯುತ್ತಮ ಹೊಸ ತಂಡವೆಂದೂ ಅತಿ ಕೆಟ್ಟ ಹೊಸ ತಂಡವೆಂದೂ ಏಕಕಾಲದಲ್ಲಿ ಆರಿಸಿದರು! ಮಾರಾಟ ಮಾತ್ರ ನಿರಾಶಾದಾಯಕವಾಗಿತ್ತು. 1974ರ 'ಟೂ ಮಚ್ ಟೂ ಸೂನ್' ಕೂಡ ಗೆಲ್ಲಲಿಲ್ಲ. ಮರ್ಕ್ಯುರಿ ಕಂಪನಿ ತಂಡವನ್ನು ಕೈಬಿಟ್ಟಿತು. 1975ರಲ್ಲಿ ಮಾಲ್ಕಂ ಮೆಕ್‌ಲಾರೆನ್ ಎಂಬ ಇಂಗ್ಲಿಷ್ ವ್ಯವಸ್ಥಾಪಕರು ಇವರಿಗೆ ಕೆಂಪು ಉಡುಪು ತೊಡಿಸಿ, ಹಿಂದೆ ಕುಡುಗೋಲು ಸುತ್ತಿಗೆಯ ಬಾವುಟ ಕಟ್ಟಿ ನೋಡಿದರು. ಅದೂ ಫಲಿಸದೆ ಅದೇ ವರ್ಷ ಥಂಡರ್ಸ್, ನೋಲನ್ ಹೊರನಡೆದರು. ಲಂಡನ್ನಿಗೆ ಮರಳಿದ ಮೆಕ್‌ಲಾರೆನ್ ಸೆಕ್ಸ್ ಪಿಸ್ಟಲ್ಸ್ ತಂಡದ ವ್ಯವಸ್ಥಾಪಕರಾಗಿ ಲೋಕವಿಖ್ಯಾತಿ ಪಡೆದರು. ನ್ಯೂಯಾರ್ಕ್ ಡಾಲ್ಸ್ ಬಿತ್ತಿದ ಬೀಜದ ಫಸಲನ್ನು ಪಂಕ್ ರಾಕ್ ಕೊಯ್ದುಕೊಂಡಿತೆಂದರೆ ತಪ್ಪಾಗದು.

ಮುಂದಿನ ವರ್ಷಗಳು ಚದುರಿಹೋದವರ ಕಥೆ. ಜೊಹಾನ್ಸನ್ 'ಬಸ್ಟರ್ ಪಾಯಿಂಡೆಕ್ಸ್‌ಟರ್' ಎಂಬ ಹೆಸರಿನಲ್ಲಿ ಹೋಟೆಲ್ ಗಾಯಕನ ಸೋಗು ಧರಿಸಿ 1987ರಲ್ಲಿ 'ಹಾಟ್ ಹಾಟ್ ಹಾಟ್' ಹಾಡಿನಿಂದ ಜನಪ್ರಿಯರಾದರು. ಥಂಡರ್ಸ್ 1991ರಲ್ಲಿ, ನೋಲನ್ 1992ರಲ್ಲಿ ತೀರಿಕೊಂಡರು. ಆರ್ಥರ್ ಕೇನ್ ಮದ್ಯವ್ಯಸನದಿಂದ ಜರ್ಝರಿತರಾಗಿ, ಕಡೆಗೆ ಮಾರ್ಮನ್ ಪಂಥವನ್ನು ಸೇರಿ, ಲಾಸ್ ಏಂಜಲೀಸ್‌ನಲ್ಲಿ ಆ ಪಂಥದ ವಂಶಾವಳಿ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದರು.

ತಂಡ ಮತ್ತೆ ಕೂಡಿದ್ದು ಒಬ್ಬ ಅಭಿಮಾನಿಯಿಂದ. ಹುಡುಗನಾಗಿದ್ದಾಗ ಡಾಲ್ಸ್ ಅಭಿಮಾನಿ ಸಂಘದ ಇಂಗ್ಲೆಂಡ್ ಶಾಖೆಯನ್ನು ನಡೆಸಿದ್ದ ಖ್ಯಾತ ಗಾಯಕ ಮಾರಿಸೇ, 2004ರಲ್ಲಿ ಲಂಡನ್ನಿನ ಮೆಲ್ಟ್‌ಡೌನ್ ಉತ್ಸವದ ನಿರ್ದೇಶಕರಾಗಿದ್ದರು. ಬದುಕುಳಿದಿದ್ದ ಮೂವರನ್ನು ಅವರು ಆಹ್ವಾನಿಸಿದರು. ಕೇನ್ ಬಳಿ ಆಗ ಗಿಟಾರ್ ಕೂಡ ಇರಲಿಲ್ಲ. ಅದು ಗಿರವಿ ಅಂಗಡಿಯಲ್ಲಿತ್ತು. ಸಹಧರ್ಮೀಯರು ಹಣ ಕಟ್ಟಿ ಬಿಡಿಸಿಕೊಟ್ಟರು. ಜೂನ್ ತಿಂಗಳಲ್ಲಿ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಕಿಕ್ಕಿರಿದ ಸಭೆಯ ಮುಂದೆ ಅವರು ನುಡಿಸಿದರು. ಊರಿಗೆ ಹಿಂದಿರುಗಿದ ಕೆಲವೇ ದಿನಗಳಲ್ಲಿ, ಜುಲೈ 13ರಂದು, ರಕ್ತದ ಕ್ಯಾನ್ಸರ್‌ನಿಂದ ಕೇನ್ ಕೊನೆಯುಸಿರೆಳೆದರು. ಗ್ರೆಗ್ ವೈಟ್ಲಿ ನಿರ್ದೇಶನದ 'ನ್ಯೂಯಾರ್ಕ್ ಡಾಲ್' (2005) ಸಾಕ್ಷ್ಯಚಿತ್ರ ಈ ಘಟನೆಗಳನ್ನು ದಾಖಲಿಸಿದೆ. ರಾಕ್ ಸಂಗೀತದಲ್ಲಿ ಆಸಕ್ತಿ ಇಲ್ಲದವರೂ ನೋಡಬೇಕಾದ ಚಿತ್ರವಿದು.

ಉಳಿದಿಬ್ಬರು ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. 2006ರ ಜುಲೈನಲ್ಲಿ, ಹಿಂದಿನ ಆಲ್ಬಂ ಬಂದು 32 ವರ್ಷಗಳಾದ ಮೇಲೆ, ರೋಡ್‌ರನ್ನರ್ ಕಂಪನಿಯ ಮೂಲಕ 'ಒನ್ ಡೇ ಇಟ್ ವಿಲ್ ಪ್ಲೀಸ್ ಅಸ್ ಟು ರಿಮೆಂಬರ್ ಈವನ್ ದಿಸ್' ಹೊರಬಂದಿತು. ಇದನ್ನೂ ನೆನೆದು ಹಿಗ್ಗುವ ದಿನವೊಂದು ಬಂದೀತು ಎಂಬುದು ಈ ಉದ್ದನೆಯ ಶೀರ್ಷಿಕೆಯ ತಾತ್ಪರ್ಯ. ರೋಮನ್ ಕವಿ ವರ್ಜಿಲ್‌ನ 'ಈನಿಡ್' ಮಹಾಕಾವ್ಯದಲ್ಲಿ, ಬಿರುಗಾಳಿಗೆ ಸಿಕ್ಕಿ ಹಡಗುಗಳನ್ನು ಕಳೆದುಕೊಂಡು ದಡ ಸೇರಿದ ನಾಯಕ ತನ್ನ ಸಂಗಡಿಗರಿಗೆ ಹೇಳುವ ಸಾಂತ್ವನದ ಮಾತಿನ ನೆರಳು ಇದರಲ್ಲಿದೆ. ಐವರಲ್ಲಿ ಇಬ್ಬರಷ್ಟೇ ಉಳಿದ ತಂಡಕ್ಕೆ ಇದಕ್ಕಿಂತ ಒಪ್ಪುವ ಹೆಸರು ದೊರೆಯುವುದು ಕಷ್ಟ.

ನಿರ್ಮಾಪಕ ಜ್ಯಾಕ್ ಡಗ್ಲಸ್ 1973ರ ಮೊದಲ ಆಲ್ಬಂಗೆ ಧ್ವನಿಮುದ್ರಣ ತಂತ್ರಜ್ಞರಾಗಿದ್ದವರು. ಗಿಟಾರ್‌ಗೆ ಸ್ಟೀವ್ ಕಾಂಟೆ, ಬೇಸ್‌ಗೆ ಫಿನ್ಲೆಂಡ್‌ನ ಹನೋಯ್ ರಾಕ್ಸ್ ತಂಡದಲ್ಲಿದ್ದ ಸಾಮಿ ಯಾಫಾ, ಡ್ರಮ್ಸ್‌ಗೆ ಬ್ರಯಾನ್ ಡಿಲೇನಿ ಬಂದರು. ಇಗ್ಗಿ ಪಾಪ್ ಮತ್ತು ಆರ್.ಇ.ಎಂ. ತಂಡದ ಮೈಕೆಲ್ ಸ್ಟೈಪ್ ಅತಿಥಿಗಳಾಗಿ ದನಿಗೂಡಿಸಿದರು. ಐವತ್ತು ದಾಟಿದವರು ಇಪ್ಪತ್ತರ ಹುಡುಗರಂತೆ ನಟಿಸಿಲ್ಲ ಎಂಬುದೇ ಈ ಆಲ್ಬಂನ ಹೆಚ್ಚುಗಾರಿಕೆ. ಜೊಹಾನ್ಸನ್ ದನಿ ಒರಟಾಗಿದೆ, ಮಾತುಗಾರಿಕೆ ಹರಿತವಾಗಿದೆ. 'ಡಾನ್ಸ್ ಲೈಕ್ ಎ ಮಂಕಿ' ಹಾಡು ಅಮೆರಿಕದಲ್ಲಿ ಆಗ ಕಾವೇರಿದ್ದ ವಿಕಾಸವಾದ ಮತ್ತು ಸೃಷ್ಟಿವಾದಗಳ ಜಗಳವನ್ನು ಕುಣಿತದ ಲಯದಲ್ಲಿ ಗೇಲಿ ಮಾಡುತ್ತದೆ. ಹಾಡುಗಳ ಸಂಖ್ಯೆ ತುಸು ಕಡಿಮೆಯಿದ್ದರೆ ಆಲ್ಬಂ ಇನ್ನೂ ಬಿಗಿಯಾಗುತ್ತಿತ್ತು ಎಂಬುದನ್ನೂ ಹೇಳಬೇಕು.

ಇದು ಅದೇ ತಂಡವೇ ಎಂಬ ಪ್ರಶ್ನೆ ಆಗ ಎದ್ದಿತು. ಥಂಡರ್ಸ್ ಅವರ ಗಿಟಾರ್ ಇಲ್ಲದ ಡಾಲ್ಸ್ ತಂಡವನ್ನು ಒಪ್ಪದ ಹಳೆಯ ಅಭಿಮಾನಿಗಳು ಇದ್ದರು. ಬಯಲಾಟದ ಮೇಳದಲ್ಲಿ ಈ ಪ್ರಶ್ನೆ ಹುಟ್ಟುವುದಿಲ್ಲ. ಭೀಮನ ಪಾತ್ರಧಾರಿ ತೀರಿಕೊಂಡರೆ ಇನ್ನೊಬ್ಬರು ಬಣ್ಣ ಹಚ್ಚುತ್ತಾರೆ, ಮೇಳ ಊರಿನದಾಗಿಯೇ ಉಳಿಯುತ್ತದೆ. ರಾಕ್ ತಂಡವೆಂಬುದು ಹಾಗಲ್ಲ, ಅದು ನಿರ್ದಿಷ್ಟ ಮುಖಗಳಿಗೆ ಅಂಟಿಕೊಂಡ ಕಲೆ. ಹೀಗಾಗಿ ಪುನರಾಗಮನದ ಆಲ್ಬಂ ತನ್ನ ಹಾಡುಗಳಿಗಷ್ಟೇ ಅಲ್ಲ, ಅಲ್ಲಿಲ್ಲದವರಿಗೂ ಲೆಕ್ಕ ಒಪ್ಪಿಸಬೇಕಾಗುತ್ತದೆ. ಜೊಹಾನ್ಸನ್ ಮತ್ತು ಸಿಲ್ವೇನ್ ಹೊಸ ಹಾಡುಗಳನ್ನೇ ಬರೆದು ಆ ಲೆಕ್ಕವನ್ನು ತೀರಿಸಿದರು. ಹಳೆಯ ಹಾಡುಗಳನ್ನು ಮತ್ತೆ ಹಾಡಿ ಟಿಕೆಟ್ ಮಾರುವ ಸುಲಭ ದಾರಿ ಅವರ ಮುಂದಿತ್ತು.

ಆ ಬಳಿಕ ರಂಡ್‌ಗ್ರೆನ್ ಅವರೊಂದಿಗೆ ಮತ್ತೆ ಕೂಡಿ ರೂಪಿಸಿದ ''ಕಾಸ್ ಐ ಸೆಝ್ ಸೋ' 2009ರಲ್ಲಿ, 'ಡಾನ್ಸಿಂಗ್ ಬ್ಯಾಕ್‌ವರ್ಡ್ ಇನ್ ಹೈ ಹೀಲ್ಸ್' 2011ರಲ್ಲಿ ಬಿಡುಗಡೆಯಾದವು. ಮೊದಲ ಸರದಿಯಲ್ಲಿ ಎರಡೇ ಆಲ್ಬಂ ಮಾಡಿದ್ದ ತಂಡ ಎರಡನೆಯ ಸರದಿಯಲ್ಲಿ ಮೂರನ್ನು ನೀಡಿತು. ಸಿಲ್ವೇನ್ 2021ರ ಜನವರಿಯಲ್ಲಿ ಕ್ಯಾನ್ಸರ್‌ನಿಂದ ನಿಧನರಾದರು. ಜೊಹಾನ್ಸನ್ ಕುರಿತು ಮಾರ್ಟಿನ್ ಸ್ಕಾರ್ಸೆಸಿ ಮತ್ತು ಡೇವಿಡ್ ಟೆಡೆಸ್ಕಿ ನಿರ್ದೇಶಿಸಿದ 'ಪರ್ಸನಾಲಿಟಿ ಕ್ರೈಸಿಸ್: ಒನ್ ನೈಟ್ ಓನ್ಲಿ' ಸಾಕ್ಷ್ಯಚಿತ್ರ 2022ರಲ್ಲಿ ಪ್ರದರ್ಶನಗೊಂಡಿತು. 2025ರ ಫೆಬ್ರವರಿ 28ರಂದು, 75ನೆಯ ವಯಸ್ಸಿನಲ್ಲಿ, ಅವರೂ ತೀರಿಕೊಂಡರು. 1973ರ ಆ ಸೋಫಾದ ಮೇಲೆ ಕುಳಿತಿದ್ದ ಐವರಲ್ಲಿ ಕೊನೆಗೆ ಉಳಿದಿದ್ದವರು ಅವರೊಬ್ಬರೇ.