ಹರದಾರಿಯಿಂದ ಮೈಲಿಗೆ

ಜೇವರ್ಗಿಯ ಕಡೆಯ ನಮ್ಮ ಹಿರಿಯರನ್ನು ‘ಆ ಊರು ಎಷ್ಟು ದೂರ?’ ಎಂದು ಕೇಳಿದರೆ ‘ಎರಡು ಹರದಾರಿ’ ಎನ್ನುತ್ತಿದ್ದರು. ಹರದಾರಿಯೆಂದರೆ ಸುಮಾರು ಮೂರು ಮೈಲಿ. ಉರ್ದು ಬಲ್ಲವರ ಬಾಯಲ್ಲಿ ಅದೇ ದಾರಿ ‘ಕೋಸು’ಗಳಲ್ಲಿ ಅಳೆಯಲ್ಪಡುತ್ತಿತ್ತು; ಹಳೆಯ ಕಾವ್ಯಗಳನ್ನು ತೆರೆದರೆ ಗಾವುದ, ಯೋಜನಗಳು ಎದುರಾಗುತ್ತವೆ. ಮೈಲಿಯೆಂಬುದು ಇವೆಲ್ಲಕ್ಕಿಂತ ಹೊಸಬ. ಸಾವಿರ ಹೆಜ್ಜೆ ಎಂಬರ್ಥದ ರೋಮನರ ಮಾತು ಇಂಗ್ಲಿಷರ ಸಂಗಡ ಹಡಗು ಹತ್ತಿ ಬಂದು ನಮ್ಮ ರಸ್ತೆಯ ಬದಿಗೆ ಕಲ್ಲಾಗಿ ನಿಂತಿತು. 1956ರಲ್ಲಿ ತೂಕ ಅಳತೆಗಳ ಹೊಸ ಶಾಸನವಾದ ಮೇಲೆ ಕಿಲೋಮೀಟರು ಬಂದು ಆ ಕಲ್ಲುಗಳನ್ನೂ ಕ್ರಮೇಣ ಅಳಿಸಿತು. ಮೈಲಿಗಲ್ಲು ಎಂಬ ಮಾತು ಮಾತ್ರ ಸಭೆ ಸಮಾರಂಭಗಳ ಭಾಷಣಕ್ಕೆ ಉಳಿದುಕೊಂಡಿತು. ಹೀಗೆ ನೆಲದ ಮೇಲೆ ನೆಲೆ ತಪ್ಪಿದ ಮೈಲಿ ಈಗ ಆಕಾಶವನ್ನೇರಿ ಕುಳಿತಿದೆ. ಅಲ್ಲಿ ಅದು ದೂರದ ಅಳತೆಯಾಗಿ ಉಳಿದಿಲ್ಲ. ಕೂಡಿಡಬಹುದಾದ, ಖರ್ಚು ಮಾಡಬಹುದಾದ, ಅವಧಿ ತೀರಿದರೆ ಸತ್ತೇ ಹೋಗುವ ಒಂದು ಬಗೆಯ ನಾಣ್ಯವಾಗಿದೆ. ಈ ವಿಚಿತ್ರ ಪರಿವರ್ತನೆಯ ಕಡೆಗೆ ನನ್ನ ಗಮನವನ್ನು ಸೆಳೆದದ್ದು ಆಳಂದದ ಒಂದು ತಗಡಿನ ಡಬ್ಬಿ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ 2008ರಲ್ಲಿ ಸೌದಿ ಅರೇಬಿಯಾಕ್ಕೆ ದುಡಿಯಲು ಹೋದವನು. ವರ್ಷಕ್ಕೊಮ್ಮೆ ಹೈದರಾಬಾದಿನ ಶಂಷಾಬಾದಿನಲ್ಲಿಳಿದು, ಬಸ್ಸಿನಲ್ಲಿ ಕಲಬುರಗಿಗೆ ಬಂದು, ಅಲ್ಲಿಂದ ಮತ್ತೆ ಸುಮಾರು 40 ಕಿಲೋಮೀಟರು ಕ್ರಮಿಸಿ ಆಳಂದವನ್ನು ಸೇರುತ್ತಾನೆ. ಲಾಡ್ಲೆ ಮಶಾಯಖರ ದರ್ಗಾಕ್ಕೆ ಗುರುವಾರ ತಪ್ಪದೆ ಹೋಗುವ ಆತನ ತಾಯಿ, ಮಗ ಬಂದಿಳಿದಾಗಲೆಲ್ಲ ಅವನ ಅಂಗಿಯ ಕಿಸೆಯಲ್ಲಿ ಉಳಿದ ವಿಮಾನದ ಚೀಟಿಯನ್ನು ತೆಗೆದು ಬಿಸ್ಕತ್ತಿನ ಡಬ್ಬಿಯಲ್ಲಿ ಜೋಪಾನ ಮಾಡಿಟ್ಟಿದ್ದಳು. 2019ರಲ್ಲಿ ಒಂದು ದಿನ ಅವನು ಆ ಡಬ್ಬಿಯೊಡನೆ ನನ್ನ ಮನೆಗೆ ಬಂದ. ಜೊತೆಗೆ ಕೆಲಸ ಮಾಡುವ ಮಲಯಾಳಿಯೊಬ್ಬ ತನ್ನ ಹೆಂಡತಿಯನ್ನು ಪುಕ್ಕಟೆ ಟಿಕೇಟಿನಲ್ಲಿ ಕರೆಸಿಕೊಂಡಿದ್ದನ್ನು ನೋಡಿ ಅವನಿಗೆ ಈ ಮೈಲಿಗಳ ವಿಷಯ ತಿಳಿದಿತ್ತಂತೆ. ‘ಸರ, ಹನ್ನೊಂದು ವರ್ಷದ್ದು ಅದಾವ. ಇವೆಲ್ಲ ಲೆಕ್ಕಕ್ಕ ಬರ್ತಾವೇನ್ರಿ?’ ಎಂದು ಕೇಳಿದ. ಅವನಿಗಿದ್ದ ಆಸೆ ದೊಡ್ಡದಲ್ಲ. ತಾಯಿಯನ್ನು ಒಮ್ಮೆ ವಿಮಾನದಲ್ಲಿ ಕೂಡ್ರಿಸಿ ಅಜ್ಮೀರಿಗೆ ಕರೆದೊಯ್ಯಬೇಕು.

ಡಬ್ಬಿ ತೆರೆದು ನೋಡಿದರೆ ಅರ್ಧಕ್ಕರ್ಧ ಚೀಟಿಗಳು ಬಿಳಿಯ ಕಾಗದಗಳಾಗಿದ್ದವು. ಈಗಿನ ಚೀಟಿಗಳನ್ನು ಮಸಿಯಿಂದ ಅಚ್ಚು ಹಾಕುವುದಿಲ್ಲ, ಕಾಯಿಸಿ ಮೂಡಿಸುತ್ತಾರೆ. ನಮ್ಮ ಸೀಮೆಯ ಬೇಸಿಗೆಗೆ ಆ ಅಕ್ಷರ ನಿಲ್ಲುವುದಿಲ್ಲ. ಅಕ್ಷರ ನಿಂತಿದ್ದರೂ ಉಪಯೋಗವಿರಲಿಲ್ಲವೆಂಬುದು ಆಮೇಲೆ ತಿಳಿಯಿತು. ವಿಮಾನ ಕಂಪನಿಗೆ ಬರೆದು ಕೇಳಿದಾಗ, ಸದಸ್ಯನಾಗುವ ಮುನ್ನ ಮಾಡಿದ ಹಳೆಯ ಪ್ರಯಾಣಗಳಿಗೆ ಮೈಲಿ ಸಿಗದೆಂದು ಎರಡು ಸಾಲಿನ ಉತ್ತರ ಬಂತು. ಇಪ್ಪತ್ತೆರಡು ಪ್ರಯಾಣಗಳು ಒಮ್ಮೆಗೇ ಲೆಕ್ಕದಿಂದ ಹೊರಗಾದವು.

ಈ ಪದ್ಧತಿಯ ಹುಟ್ಟನ್ನು ವಾಚಕರು ಅರಿತರೆ ಅದರ ಸ್ವಭಾವವೂ ಅರ್ಥವಾಗುತ್ತದೆ. ಅಮೇರಿಕದಲ್ಲಿ ವಿಮಾನದ ದರಗಳನ್ನೂ ದಾರಿಗಳನ್ನೂ ಸರಕಾರವೇ ಗೊತ್ತುಮಾಡುತ್ತಿದ್ದ ಕಾಲವೊಂದಿತ್ತು. 1978ರಲ್ಲಿ ಆ ಕಟ್ಟು ಸಡಿಲವಾಯಿತು. ಕಂಪನಿಗಳು ಪರಸ್ಪರ ಪೈಪೋಟಿಗೆ ಬಿದ್ದವು. ಎಲ್ಲರ ವಿಮಾನವೂ ಒಂದೇ, ಎಲ್ಲರ ದರವೂ ಹೆಚ್ಚು ಕಡಿಮೆ ಒಂದೇ. ಹೀಗಿರಲು ಗಿರಾಕಿಯನ್ನು ತನ್ನಲ್ಲೇ ಕಟ್ಟಿಹಾಕುವುದು ಹೇಗೆ? 1979ರಲ್ಲಿ ಟೆಕ್ಸಾಸ್ ಇಂಟರ್‌ನ್ಯಾಷನಲ್ ಎಂಬ ಸಣ್ಣ ಕಂಪನಿ ಹಾರಿದ ಮೈಲಿಗಳ ಲೆಕ್ಕವಿಟ್ಟು ಇನಾಮು ಕೊಡುವ ಪ್ರಯೋಗ ಮಾಡಿತು. 1981ರ ಮೇ 1ರಂದು ಅಮೇರಿಕನ್ ಏರ್‌ಲೈನ್ಸ್ ಅದನ್ನೇ ದೊಡ್ಡ ಪ್ರಮಾಣದಲ್ಲಿ ಆರಂಭಿಸಿತು. ತನ್ನ ಗಣಕಯಂತ್ರದಲ್ಲಿದ್ದ ಮುಂಗಡ ಟಿಕೇಟುಗಳನ್ನು ಜಾಲಾಡಿ, ಒಂದೇ ಟೆಲಿಫೋನ್ ನಂಬರು ಮತ್ತೆ ಮತ್ತೆ ಎಲ್ಲೆಲ್ಲಿ ಬರುತ್ತದೆಂದು ಹುಡುಕಿ, ಪದೇ ಪದೇ ಹಾರುವ ಗಿರಾಕಿಗಳನ್ನು ಆರಿಸಿತು. ಕೆಲವೇ ದಿನಗಳಲ್ಲಿ ಯುನೈಟೆಡ್ ಕಂಪನಿಯೂ ಹಿಂಬಾಲಿಸಿತು. ಆಗ ಪ್ರಾರಂಭವಾದದ್ದು ಇಂದು ಜಗತ್ತಿನ ಉದ್ದಗಲಕ್ಕೂ ಹಬ್ಬಿದೆ. 1999ರಲ್ಲಿ ಕ್ಯಾಲಿಫೋರ್ನಿಯಾದ ಎಂಜಿನಿಯರೊಬ್ಬನು, ಪಾಯಸದ ಡಬ್ಬಿಯ ಚೀಟಿ ಕಳಿಸಿದರೆ ಮೈಲಿ ಕೊಡುವೆವೆಂಬ ಜಾಹೀರಾತನ್ನು ಓದಿ, 12,150 ಡಬ್ಬಿಗಳನ್ನು ಕೊಂಡು ಹನ್ನೆರಡು ಲಕ್ಷಕ್ಕೂ ಮಿಕ್ಕಿ ಮೈಲಿ ಗಳಿಸಿದನು. ಅಷ್ಟು ಪಾಯಸ ತಿನ್ನುವವರಾರು? ಧರ್ಮಸಂಸ್ಥೆಗೆ ಕೊಟ್ಟುಬಿಟ್ಟನಂತೆ, ಚೀಟಿ ಸುಲಿಯುವ ಕೆಲಸವನ್ನೂ ಅವರಿಂದಲೇ ಮಾಡಿಸಿಕೊಂಡನಂತೆ.

ಪದೇ ಪದೇ ಹೋಗುವುದಕ್ಕೆ ಫಲವುಂಟೆಂಬ ಭಾವನೆ ಮಾತ್ರ ನಮಗೆ ಹೊಸದಲ್ಲ. ಭೀಮಾನದಿ ಪಂಢರಪುರವನ್ನು ಬಳಸಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಗೆ ಇಳಿದು ಬರುತ್ತದೆ. ಈ ದಂಡೆಯ ಜನರು ಅದೇ ನದಿಯ ಮೇಲ್ದಿಕ್ಕಿಗೆ ಆಷಾಢ ಕಾರ್ತಿಕ ಏಕಾದಶಿಗಳಿಗೆ ನಡೆದುಹೋಗುತ್ತಾರೆ. ಇದಕ್ಕೆ ‘ವಾರಿ’ ಎಂದು ಹೆಸರು. ತಪ್ಪದೆ ಹೋಗಿ ಬರುವುದು ಎಂಬ ಅರ್ಥ ಆ ಶಬ್ದದಲ್ಲೇ ಇದೆ. ಒಮ್ಮೆ ಹೋಗಿ ಬಂದವನು ಯಾತ್ರಿಕ. ಮಾಲೆ ಧರಿಸಿ ವರ್ಷ ವರ್ಷವೂ ಹೋಗುವವನು ವಾರಕರಿ. ವಿಮಾನ ಕಂಪನಿಗಳು ‘ಫ್ರೀಕ್ವೆಂಟ್ ಫ್ಲೈಯರ್’ ಎಂದು ಕರೆಯುವ ಮಾತಿಗೆ ಕನ್ನಡವನ್ನು ಹುಡುಕುವವರು ಈ ಶಬ್ದವನ್ನು ಒಮ್ಮೆ ಯೋಚಿಸಬಹುದು. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ, ಆಳಂದದ ಕಡೆಯಿಂದ ಹರಿದು ಬರುವ ಅಮರ್ಜಾ ಭೀಮೆಯನ್ನು ಕೂಡುವಲ್ಲಿ, ಹುಣ್ಣಿಮೆ ತಪ್ಪಿಸದ ದತ್ತಭಕ್ತರನ್ನು ಇಂದಿಗೂ ಕಾಣಬಹುದು. ಅವರಲ್ಲಿ ಒಬ್ಬ ಮುದುಕರನ್ನು, ಇದು ಎಷ್ಟನೆಯ ಹುಣ್ಣಿಮೆ ಎಂದು ನಾನು ಕೇಳಿದ್ದುಂಟು. ‘ಲೆಕ್ಕ ಇಟ್ಟವ ಅವ, ನಾ ಯಾಕ ಇಡಲಿ?’ ಎಂದರು. ಈ ಖಾತೆಗೂ ವಿಮಾನದ ಖಾತೆಗೂ ಇರುವ ಅಂತರ ಇಲ್ಲಿಯೇ ತೋರುತ್ತದೆ. ವಿಮಾನದ ಖಾತೆಯನ್ನು ನಾವು ಇಡದಿದ್ದರೆ ಯಾರೂ ಇಡುವುದಿಲ್ಲ.

ನಮ್ಮ ಭಾಗಕ್ಕೆ ಆಧುನಿಕ ಪ್ರಯಾಣ ಬಂದ ಬಗೆಯೂ ಸ್ವಾರಸ್ಯವಾದುದೇ. 1871ರ ಹೊತ್ತಿಗೆ ಮುಂಬಯಿಯ ರೈಲು ಕಲಬುರಗಿಯನ್ನು ಹಾದು ರಾಯಚೂರನ್ನು ಮುಟ್ಟಿ ಮದ್ರಾಸಿನ ದಾರಿಯನ್ನು ಕೂಡಿಕೊಂಡಿತು. ಗಾಣಗಾಪುರಕ್ಕೆ ‘ರೋಡ್’ ಎಂಬ ಬಾಲದೊಡನೆ ಒಂದು ನಿಲ್ದಾಣ ದೊರೆಯಿತು. 1932ರಲ್ಲಿ ನಿಜಾಮರ ರೈಲ್ವೆ ಇಲಾಖೆಯೇ 27 ಬಸ್ಸುಗಳನ್ನೂ 166 ನೌಕರರನ್ನೂ ಇಟ್ಟುಕೊಂಡು ಸರಕಾರಿ ಮೋಟಾರು ಸಾರಿಗೆಯನ್ನು ಪ್ರಾರಂಭಿಸಿತು. ಅದೇ ರೈಲ್ವೆಯು ಟಾಟಾ ಕಂಪನಿಯೊಡನೆ ಸೇರಿ 1945ರಲ್ಲಿ ಡೆಕ್ಕನ್ ಏರ್‌ವೇಸ್ ಎಂಬ ವಿಮಾನ ಸಂಸ್ಥೆಯನ್ನು ಕಟ್ಟಿತು. ರೈಲು, ಬಸ್ಸು, ವಿಮಾನ ಮೂರಕ್ಕೂ ಒಂದೇ ಇಲಾಖೆ ಕೈಹಾಕಿದ್ದು ಆಗಿನ ಕಾಲಕ್ಕೆ ಸಾಮಾನ್ಯ ಸಂಗತಿಯಲ್ಲ. ಕಲಬುರಗಿಯ ಜಿಲ್ಲೆ ಆಗ ಹೈದರಾಬಾದು ಸಂಸ್ಥಾನದಲ್ಲಿದ್ದುದರಿಂದ ನಾವೂ ಒಂದು ಅರ್ಥದಲ್ಲಿ ವಿಮಾನವಿದ್ದ ರಾಜ್ಯದ ಪ್ರಜೆಗಳೇ. ಬೇಗಂಪೇಟೆಯಿಂದ ಅದು ಮೇಲೇರುವುದನ್ನು ಕತ್ತೆತ್ತಿ ನೋಡುವುದಷ್ಟೇ ಬಹುಜನರ ಪಾಲಿಗೆ ಬಂದದ್ದು. 1953ರಲ್ಲಿ ಅದು ಉಳಿದ ಏಳು ಸಂಸ್ಥೆಗಳೊಡನೆ ಇಂಡಿಯನ್ ಏರ್‌ಲೈನ್ಸಿನಲ್ಲಿ ಲೀನವಾಯಿತು. ಕಲಬುರಗಿಯಿಂದಲೇ ಪ್ರಯಾಣಿಕರ ವಿಮಾನ ಏರಲು 2019ರ ನವೆಂಬರ್ 22ರವರೆಗೆ ಕಾಯಬೇಕಾಯಿತು. ಆ ದಿನ ಬೆಂಗಳೂರಿಗೆ ಹಾರಿದ ಸಣ್ಣ ವಿಮಾನವನ್ನು ನೋಡಲು ನೆರೆದ ಜನ ಜಾತ್ರೆಯ ಜನದಂತಿತ್ತು. ಬಳಿಕ ಇಲ್ಲಿಯ ಸೇವೆಗಳು ಹಲವು ಸಲ ಏರಿಳಿತ ಕಂಡಿವೆ.

ಭಾರತದಲ್ಲಿ ಮೈಲಿಯ ಸಂಗ್ರಹ ಆರಂಭವಾದದ್ದು 1990ರ ದಶಕದಲ್ಲಿ, ಖಾಸಗಿ ಕಂಪನಿಗಳಿಗೆ ಆಕಾಶ ತೆರೆದ ಮೇಲೆ. ಕನ್ನಡಿಗರಿಗೆ ಇದರಲ್ಲಿ ಎರಡು ಪಾಠಗಳು ಮನೆಯ ಹತ್ತಿರವೇ ಸಿಕ್ಕವು. ಗೊರೂರಿನ ಕ್ಯಾಪ್ಟನ್ ಗೋಪಿನಾಥರು 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿ, ಇನಾಮು ಮೈಲಿಗಳ ಆಶೆಗಿಂತ ಅಗ್ಗದ ಟಿಕೇಟೇ ಮೇಲೆಂದು ತೋರಿಸಿದರು. ಆ ಸಂಸ್ಥೆಯನ್ನು ನುಂಗಿದ ಬೆಂಗಳೂರಿನ ಕಿಂಗ್‌ಫಿಶರ್ 2012ರ ಅಕ್ಟೋಬರಿನಲ್ಲಿ ನೆಲ ಹಿಡಿದಾಗ, ಅದರ ಕಿಂಗ್ ಕ್ಲಬ್ಬಿನ ಸದಸ್ಯರು ಕೂಡಿಟ್ಟಿದ್ದ ಮೈಲಿಗಳೂ ನೆಲ ಹಿಡಿದವು. ಬ್ಯಾಂಕು ಮುಳುಗಿದರೆ ವಿಮೆಯ ಹಣವಾದರೂ ಬರುತ್ತದೆ. ಮೈಲಿಗೆ ಆ ರಕ್ಷಣೆಯಿಲ್ಲ. 2019ರ ಏಪ್ರಿಲಿನಲ್ಲಿ ಜೆಟ್ ಏರ್‌ವೇಸ್ ನಿಂತಾಗ ಬೇರೆಯದೇ ಆಯಿತು. ಅದರ ಸದಸ್ಯತ್ವದ ವ್ಯವಹಾರ ಪ್ರತ್ಯೇಕ ಕಂಪನಿಯ ಕೈಯಲ್ಲಿದ್ದುದರಿಂದ ವಿಮಾನ ಸತ್ತರೂ ಮೈಲಿ ಬದುಕಿತು, ಇಂಟರ್‌ಮೈಲ್ಸ್ ಎಂಬ ಹೊಸ ಹೆಸರಿನಲ್ಲಿ. 2024ರ ನವೆಂಬರಿನಲ್ಲಿ ವಿಸ್ತಾರಾ ಕಂಪನಿ ಏರ್ ಇಂಡಿಯಾದಲ್ಲಿ ಸೇರಿದಾಗಲೂ ಸದಸ್ಯರ ಗಳಿಕೆ ಹೊಸ ಮನೆಗೆ ವರ್ಗವಾಯಿತು.

ಹಾಗಾದರೆ ಹೊಸದಾಗಿ ಈ ದಾರಿ ಹಿಡಿಯುವವನು ಮಾಡಬೇಕಾದುದೇನು? ಸದಸ್ಯನಾಗುವುದಕ್ಕೆ ಸಾಧಾರಣವಾಗಿ ದುಡ್ಡು ಬೇಡ. ಆದರೆ ಮೊದಲ ಪ್ರಯಾಣಕ್ಕೆ ಮುಂಚೆಯೇ ಆಗಬೇಕು. ನಂಬರನ್ನು ಟಿಕೇಟು ಕೊಳ್ಳುವಾಗಲೇ ಬರೆಸಬೇಕು. ಮರೆತರೆ ಕೆಲವು ತಿಂಗಳೊಳಗೆ ಟಿಕೇಟಿನ ನಂಬರು, ವಿಮಾನವೇರುವ ಚೀಟಿಗಳೊಡನೆ ಬೇಡಿಕೆ ಸಲ್ಲಿಸಬಹುದು. ನಮ್ಮ ಕಡೆಯವರಿಗೆ ಎಲ್ಲಕ್ಕಿಂತ ದೊಡ್ಡ ತೊಡಕು ಹೆಸರಿನದು. ಶಾಲೆಯ ದಾಖಲೆಯಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ತಂದೆಯ ಹೆಸರು ಹಿಂದೋ ಮುಂದೋ. ಉರ್ದುವಿನಿಂದ ಇಂಗ್ಲಿಷಿಗೆ ಬರೆದವರು ಒಂದು ಅಕ್ಷರ ಹೆಚ್ಚಿಸಿದ್ದಾರೆ, ಕನ್ನಡದಿಂದ ಬರೆದವರು ಒಂದು ಅಕ್ಷರ ಕಡಿಮೆ ಮಾಡಿದ್ದಾರೆ. ಸದಸ್ಯತ್ವದ ಹೆಸರು ಪಾಸ್‌ಪೋರ್ಟಿನ ಹೆಸರಿನೊಡನೆ ಅಕ್ಷರಶಃ ಕೂಡದಿದ್ದರೆ ಮೈಲಿ ಖಾತೆಗೆ ಸೇರುವುದಿಲ್ಲ. ಎರಡನೆಯದಾಗಿ, ಹತ್ತು ಕಂಪನಿಗಳಲ್ಲಿ ಚೂರು ಚೂರು ಕೂಡಿಸುವುದಕ್ಕಿಂತ ಒಂದರಲ್ಲಿ ಕೂಡಿಸುವುದು ಲೇಸು. ಕಂಪನಿಗಳು ಒಕ್ಕೂಟಗಳನ್ನು ಮಾಡಿಕೊಂಡಿವೆ. ಒಂದರಲ್ಲಿ ಹಾರಿ ಇನ್ನೊಂದರ ಖಾತೆಗೆ ಜಮಾ ಮಾಡಿಸಬಹುದು. ಅತಿ ಅಗ್ಗದ ಟಿಕೇಟಿಗೆ ಮೈಲಿ ಬಹಳ ಕಡಿಮೆ, ಕೆಲವೊಮ್ಮೆ ಸೊನ್ನೆ. ಪುಕ್ಕಟೆ ಟಿಕೇಟಿಗೂ ತೆರಿಗೆ, ನಿಲ್ದಾಣದ ಶುಲ್ಕಗಳನ್ನು ನಗದಾಗಿ ಕೊಡಬೇಕೆಂಬುದನ್ನು ಮರೆಯಬಾರದು. ಕ್ರೆಡಿಟ್ ಕಾರ್ಡಿನ ಮೂಲಕವೂ ಮೈಲಿ ಗಳಿಸುವವರಿದ್ದಾರೆ. ತಿಂಗಳ ಬಾಕಿಯನ್ನು ಪೂರ್ತಿ ತೀರಿಸುವ ಶಿಸ್ತಿಲ್ಲದವರು ಆ ಗೋಜಿಗೆ ಹೋಗದಿರುವುದೇ ಕ್ಷೇಮ. ಬಡ್ಡಿಯ ಮುಂದೆ ಮೈಲಿಯ ಬೆಲೆ ಏನೂ ಅಲ್ಲ.

ಇನ್ನೊಂದು ಬದಲಾವಣೆಯನ್ನು ಭಾಷೆಯ ಮೇಷ್ಟರಾಗಿ ಹೇಳದೆ ಇರಲಾರೆ. 2015ರಲ್ಲಿ ಡೆಲ್ಟಾ, ಯುನೈಟೆಡ್ ಕಂಪನಿಗಳೂ ಮರುವರ್ಷ ಅಮೇರಿಕನ್ ಕಂಪನಿಯೂ ಹಾರಿದ ದೂರಕ್ಕೆ ಮೈಲಿ ಕೊಡುವುದನ್ನು ಬಿಟ್ಟು, ಟಿಕೇಟಿಗೆ ಕೊಟ್ಟ ಹಣಕ್ಕೆ ತಕ್ಕಂತೆ ಕೊಡಲು ಆರಂಭಿಸಿದವು. 2024ರಲ್ಲಿ ಏರ್ ಇಂಡಿಯಾ ಕೂಡ ಇದೇ ಹಾದಿ ಹಿಡಿಯಿತು. ದೂರ ಹೋದವನಿಗಲ್ಲ, ದುಬಾರಿ ಕೊಂಡವನಿಗೆ ಫಲ ಹೆಚ್ಚು. ಸಾವಿರ ಹೆಜ್ಜೆಯ ನಂಟು ಮೈಲಿಯಿಂದ ಇಲ್ಲಿಗೆ ಪೂರ್ತಿ ಹರಿಯಿತು. ಕಂಪನಿಯ ಖರ್ಚಿನಲ್ಲಿ ಹೋಗುವ ಅಧಿಕಾರಿ ತನ್ನ ಖಾತೆ ತುಂಬಿಕೊಳ್ಳುತ್ತಾನೆ. ದಮ್ಮಾಮಿನಿಂದ ಅಗ್ಗದ ಟಿಕೇಟು ಹುಡುಕಿ ಬರುವ ಗವಂಡಿಯ ಖಾತೆಗೆ ಚಿಲ್ಲರೆ ಬೀಳುತ್ತದೆ. 2023ರ ಜೂನ್ 11ರಿಂದ ಕರ್ನಾಟಕದ ಸರಕಾರಿ ಬಸ್ಸುಗಳಲ್ಲಿ ಹೆಂಗಸರು ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೇಟು ಹಿಡಿದು ಜೇವರ್ಗಿಯಿಂದ ಗಾಣಗಾಪುರಕ್ಕೂ ಘತ್ತರಗಿಯ ಭಾಗ್ಯವಂತಿಗೂ ಹೋಗತೊಡಗಿದಾಗ, ದುಡಿಯದೆ ದೊರೆತ ಪ್ರಯಾಣವೆಂದು ಹುಬ್ಬೇರಿಸಿದ ಮಹನೀಯರು ಕೆಲವರಿದ್ದರು. ಅವರಲ್ಲಿ ಇಬ್ಬರ ಕಿಸೆಯಲ್ಲಿ ವಿಮಾನದ ಬಂಗಾರದ ಬಣ್ಣದ ಸದಸ್ಯತ್ವದ ಕಾರ್ಡುಗಳಿರುವುದನ್ನು ನಾನು ಬಲ್ಲೆ. ಇರಲಿ.

ನನ್ನ ವಿದ್ಯಾರ್ಥಿ ಆ ಡಬ್ಬಿಯ ಘಟನೆಯಾದ ವಾರವೇ ಸದಸ್ಯನಾದ. ಮಧ್ಯೆ ಸಾಂಕ್ರಾಮಿಕದ ಎರಡು ವರ್ಷ ಹಾರಾಟವೇ ಇರಲಿಲ್ಲ. ಖಾತೆ ಸಾಯದಂತೆ ನೋಡಿಕೊಂಡು, ಗೆಳೆಯರಿಗೆ ಅಗ್ಗ ಸಿಕ್ಕಲ್ಲಿ ತಾನು ನೂರು ರಿಯಾಲು ಹೆಚ್ಚು ತೆತ್ತು ಒಂದೇ ಕಂಪನಿಯಲ್ಲಿ ಬಂದು ಹೋಗಿ, ಆರನೆಯ ವರ್ಷಕ್ಕೆ ಒಂದು ಟಿಕೇಟಿಗಾಗುವಷ್ಟು ಕೂಡಿಸಿದ. ನೂರು ನೂರು ರಿಯಾಲುಗಳನ್ನು ಕೂಡಿಸಿ ನೋಡಿದರೆ ಟಿಕೇಟಿನ ಬೆಲೆ ಅದರಲ್ಲೇ ಬರುತ್ತಿತ್ತೇನೋ ಎಂದು ನಾನು ಅವನಿಗೆ ಹೇಳಲಿಲ್ಲ. ಹೈದರಾಬಾದಿನಿಂದ ಜಯಪುರದವರೆಗೆ, ಹೋಗುವ ದಾರಿಗೆ ಮಾತ್ರ ತಾಯಿಯ ಟಿಕೇಟು ಮೈಲಿಯದು, ಅವನದು ದುಡ್ಡಿನದು. ಬರುವಾಗ ಇಬ್ಬರೂ ರೈಲಿನಲ್ಲಿ ಬಂದರು.

ಅಜ್ಮೀರಿನ ಪ್ರಸಾದ ಕೊಡಲು ಮಗನೊಡನೆ ಆಕೆ ನಮ್ಮ ಮನೆಗೆ ಬಂದಿದ್ದಳು. ವಿಮಾನದಲ್ಲಿ ಹೆದರಿಕೆಯಾಯಿತೇ ಎಂದು ನನ್ನ ಹೆಂಡತಿ ಕೇಳಿದರೆ, ಕಿವಿ ಮುಚ್ಚಿಕೊಂಡಿತ್ತೆಂದಷ್ಟೇ ಹೇಳಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ, ತನ್ನ ಹೆಸರಿನ ಚೀಟಿಯನ್ನು ತೆಗೆದು ನನ್ನ ಮುಂದೆ ಹಿಡಿದು, ‘ಇದೂ ಲೆಕ್ಕಕ್ಕ ಬರ್ತದೇನ್ರಿ ಸರ?’ ಎಂದಳು. ಪುಕ್ಕಟೆ ಟಿಕೇಟಿಗೆ ಮೈಲಿ ಇಲ್ಲವೆಂದು ಮಗನೇ ನಗುತ್ತ ಉತ್ತರಿಸಿದ. ಆಕೆ ಚೀಟಿಯನ್ನು ಮೊದಲಿನಂತೆಯೇ ಮಡಚಿ ಸೆರಗಿನಲ್ಲಿ ಗಂಟು ಹಾಕಿಕೊಂಡಳು.