ದುಡಿಮೆ ಕಳೆದುಕೊಂಡವರಿಗೆ ಸಭೆ ಕೊಟ್ಟ ಉತ್ತರ: ಬಾಸೆಲ್ ಮಿಷನ್ ಕೈಗಾರಿಕೆಗಳ ಚರಿತ್ರೆಯಿಂದ ಒಂದು ವಿಚಾರ

ಬಟ್ಟೆಯೂ ಅನ್ನವೂ ಇಲ್ಲದ ಸಹೋದರನನ್ನು ಬರಿಯ ಹಾರೈಕೆಯ ಮಾತಿನಿಂದ ಕಳುಹಿಸಿಬಿಡುವ ನಂಬಿಕೆಯನ್ನು ಯಾಕೋಬನು ತನ್ನ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಸತ್ತದ್ದೆಂದು ತೀರ್ಮಾನಿಸುತ್ತಾನೆ. ಕರ್ನಾಟಕದ ಸಭಾಚರಿತ್ರೆಯಲ್ಲಿ ಈ ಮಾತು ಪ್ರಸಂಗಪೀಠದಲ್ಲಿ ಅಲ್ಲ, ಒಲೆ ಉರಿಯದ ಮನೆಗಳಲ್ಲಿ ಮೊದಲು ಪರೀಕ್ಷೆಗೆ ಒಳಗಾಯಿತು.

1834ರಲ್ಲಿ ಹೆಬಿಕ್, ಲೇನರ್ ಮತ್ತು ಗ್ರೈನರ್ ಮಂಗಳೂರಿನಲ್ಲಿ ಸೇವೆ ಆರಂಭಿಸಿದಾಗ ಅವರ ಮುಂದೆ ಇದ್ದ ಯೋಜನೆ ಸುವಾರ್ತೆ ಸಾರುವುದು ಮತ್ತು ಶಾಲೆ ನಡೆಸುವುದು. ಕಾರ್ಖಾನೆಯ ಆಲೋಚನೆ ಅದರಲ್ಲಿ ಇರಲಿಲ್ಲ. ಆದರೆ ದೀಕ್ಷಾಸ್ನಾನ ಪಡೆದವರ ಬದುಕು ಬೇರೆಯೇ ಪ್ರಶ್ನೆಯನ್ನು ತಂದಿತು. 1844ರಲ್ಲಿ ಕ್ರಿಸ್ತನನ್ನು ಅಂಗೀಕರಿಸಿದ ಆನಂದರಾವ್ ಕೌಂಡಿನ್ಯರಂತಹ ಮೇಲುಜಾತಿಯವರಿಗೆ ಮನೆಯ ಬಾಗಿಲು ಮುಚ್ಚಿತು. ಸಭೆಗೆ ಹೆಚ್ಚಿನ ಸಂಖ್ಯೆಯಲ್ಲಿ ಬಂದ ಬಿಲ್ಲವರ ಕಷ್ಟ ಇನ್ನೊಂದು ಬಗೆಯದು. ಕಳ್ಳು ಇಳಿಸುವುದು ಕ್ರೈಸ್ತನಿಗೆ ತಕ್ಕದ್ದಲ್ಲವೆಂದು ಮಿಷನ್ ಬಗೆಯಿತು. ಗೇಣಿಯ ಹೊಲ ಉಳಿಯುವುದೋ ಬಿಡುವುದೋ ಭೂಮಾಲೀಕನ ಮರ್ಜಿಗೆ ಸೇರಿದ್ದು. ಹೀಗೆ ಹೊಸ ವಿಶ್ವಾಸಿಯ ಹಸಿವಿಗೆ ಸಮಾಜದ ಬಹಿಷ್ಕಾರದೊಂದಿಗೆ ಸಭೆಯ ನಿಯಮವೂ ಕಾರಣವಾಗಿತ್ತು. ಕಸುಬನ್ನು ಬಿಡಿಸಿದ ಮೇಲೆ ಇನ್ನೊಂದು ಕಸುಬನ್ನು ತೋರಿಸುವ ಹೊಣೆ ಸಭೆಯದೇ ಆಯಿತು.

ಮೊದಲಿಗೆ ಬೇಸಾಯವೇ ಮೊದಲಾದ ಪ್ರಯತ್ನಗಳು ನಡೆದವು. 1851ರಲ್ಲಿ ಬಂದ ನೇಕಾರ ಹಾಲರ್ ಅವರಿಂದ ಮಗ್ಗದ ಕೆಲಸ ನೆಲೆಗೊಂಡಿತು. 1859ರಲ್ಲಿ ವ್ಯಾಪಾರಕ್ಕೆಂದೇ ಬಾಸೆಲ್‌ನಲ್ಲಿ ಪ್ರತ್ಯೇಕ ಕಂಪೆನಿ ಹುಟ್ಟಿತು. 1865ರಲ್ಲಿ ಪ್ಲೆಬ್ಸ್ಟ್ ಅವರು ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, ಹೆಂಚಿನ ಕಾರ್ಖಾನೆ ತೆರೆದರು. ಹೊಳೆಯ ಜೇಡಿಮಣ್ಣು, ಸುತ್ತಲಿನ ಕಟ್ಟಿಗೆ, ಸಾಗಣೆಗೆ ಜಲಮಾರ್ಗ, ಎಲ್ಲವೂ ಅಲ್ಲಿಯೇ ಇದ್ದವು. ಕಾರ್ಖಾನೆಯ ದುಡಿಮೆಗಾರನಿಗೆ ಕೂಲಿ ದೊರೆಯಿತು; ಜಾತಿಯಿಂದ ಬಂದ ಕಸುಬಿನಿಂದಲೇ ಮನುಷ್ಯನನ್ನು ಅಳೆಯುವ ಕಟ್ಟು ಅಲ್ಲಿ ಸ್ವಲ್ಪವಾದರೂ ಸಡಿಲವಾಯಿತು. ಇದನ್ನು ಸುವಾರ್ತೆಗೆ ಅಂಟಿಸಿದ ಲೌಕಿಕ ವ್ಯವಹಾರವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಆದರೂ ಈ ಚರಿತ್ರೆಯನ್ನು ಹೊಗಳಿಕೆಯಲ್ಲಿಯೇ ಮುಗಿಸುವಂತಿಲ್ಲ. ಕೂಲಿ ಕೊಡುವ ಸಂಸ್ಥೆಯೂ ಕರ್ತನ ಭೋಜನದಿಂದ ದೂರವಿಡಬಲ್ಲ ಸಂಸ್ಥೆಯೂ ಒಂದೇ ಆದಾಗ ಬಡ ವಿಶ್ವಾಸಿಯು ಇಲ್ಲವೆನ್ನುವ ಸ್ವಾತಂತ್ರ್ಯವನ್ನು ಕಳೆದುಕೊಳ್ಳುತ್ತಾನೆ. ಯಾವ ಉದ್ಯಮ ಬೇಕು, ಅದರ ಲೆಕ್ಕಪತ್ರ ಹೇಗಿರಬೇಕು ಎಂಬ ತೀರ್ಮಾನಗಳು ದುಡಿಯುವವರ ಕೈಯಲ್ಲಿ ಇರಲಿಲ್ಲ. 1914ರಲ್ಲಿ ಮಹಾಯುದ್ಧ ಆರಂಭವಾಗಿ ಜರ್ಮನ್ ಮಿಷನರಿಗಳು ಬಂಧನಕ್ಕೆ ಒಳಗಾದರು. ಯುದ್ಧಾನಂತರ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ವಶವಾದವು. ಸಭೆಯ ಜನರು ತಮ್ಮ ಬೆವರಿನಿಂದ ಬೆಳೆಸಿದ ಉದ್ಯಮ ಅವರನ್ನು ಕೇಳದೆಯೇ ಕೈ ಬದಲಾಯಿತು.

ಯೆರಿಕೋವಿನ ದಾರಿಯಲ್ಲಿ ಬಾರ್ತಿಮಾಯನು ಕುರುಡನೆಂಬುದು ನೋಡಿದವರಿಗೆಲ್ಲ ತಿಳಿದಿತ್ತು. ಆದರೂ ಯೇಸು, ನಿನಗೆ ಏನು ಬೇಕು ಎಂದು ಅವನನ್ನೇ ಕೇಳಿದನು. ಸಹಾಯಕ್ಕೆ ಮುಂಚೆ ಬಂದ ಆ ಪ್ರಶ್ನೆಯು ಸಹಾಯದ ಒಂದು ಭಾಗವೇ ಆಗಿದೆ. ಬಾಸೆಲ್ ಮಿಷನ್ ಜನರ ಹಸಿವನ್ನು ಕಂಡಿತು, ಅದಕ್ಕೆ ಶ್ರದ್ಧೆಯಿಂದ ಉತ್ತರ ಕೊಟ್ಟಿತು. ಉತ್ತರವನ್ನು ರೂಪಿಸುವ ಅಧಿಕಾರವನ್ನು ಮಾತ್ರ ಹಂಚಿಕೊಳ್ಳಲಿಲ್ಲ.

ಕರಾವಳಿಯ ಈ ಪಾಠ ಬೆಳಗಾವಿ ಸೀಮೆಗೂ ಸಲ್ಲುತ್ತದೆ. ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ 1820ರಲ್ಲಿಯೇ ಬೆಳಗಾವಿಗೆ ಬಂದಿದ್ದರು. ಇಲ್ಲಿನ ಸಾಕ್ಷಿಗೆ ಎರಡು ಶತಮಾನಗಳು ಕಳೆದಿವೆ. ಇಂದು ಸಂಕೇಶ್ವರದ ಸುತ್ತ ಕಬ್ಬು ನುರಿಸುವ ಹಂಗಾಮು ಬಂದರೆ ದೂರದ ಬರಪೀಡಿತ ಊರುಗಳಿಂದ ಕಡಿಯುವವರ ತಂಡಗಳು ಬಂದು ಹೊಲದ ಬದಿಯಲ್ಲಿ ಗುಡಿಸಲು ಹಾಕುತ್ತವೆ. ತಾಯಿತಂದೆಯರ ಜೊತೆಗೆ ಬಂದ ಮಕ್ಕಳ ಶಾಲೆ ನಿಲ್ಲುತ್ತದೆ. ಅಂತಹ ಗುಡಿಸಲಿಗೆ ಹೋಗುವ ಸಭಾಪಾಲಕನು ಕಂಬಳಿಯನ್ನೋ ಪುಸ್ತಕವನ್ನೋ ಒಯ್ಯಲಿ. ಅದಕ್ಕೂ ಮೊದಲು ಅವರೊಡನೆ ಕುಳಿತು ಕೇಳಲಿ. ಅವರು ಕೇಳುವುದು ಮುಂಗಡ ಸಾಲದ ಲೆಕ್ಕವನ್ನು ಓದಿ ಹೇಳುವ ಒಬ್ಬ ಮನುಷ್ಯನನ್ನಾಗಿರಬಹುದು, ನಾಲ್ಕು ತಿಂಗಳು ಮಕ್ಕಳನ್ನು ಕಲಿಸುವ ಒಂದು ನೆರಳನ್ನಾಗಿರಬಹುದು. ಆ ಉತ್ತರ ನಮ್ಮ ಯೋಜನೆಗೆ ಹೊಂದದಿದ್ದರೆ ಬದಲಾಗಬೇಕಾದದ್ದು ಯೋಜನೆ.